ಗಾಜೆಂದ ಅಕ್ಕ

ಒಡವೆ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಮುತ್ತು ಪೋಣಿಸುತ್ತಿದ್ದವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಗಿರಾಕಿ ಹೆಂಗಸೊಬ್ಬಳು ಅಲ್ಲೇ ಕೊಂಡಿದ್ದ ಮುತ್ತಿನ ಸರವನ್ನು ಬಿಗಿ ಮಾಡಿಸಲು ತಂದಳು. ಅಕ್ಕ ಒಂದು ಮುತ್ತನ್ನು ಹಲ್ಲಿಗೆ ಉಜ್ಜಿದಳು. ಚಿಪ್ಪಿನೊಳಗೆ ಬೆಳೆದ ಮುತ್ತಾದರೆ ಸಣ್ಣ ಮರಳಿನಂತೆ ತರಿತರಿಯಾಗಿರುತ್ತದೆ. ಇದು ನುಣ್ಣಗೆ ಜಾರಿತು.

"ಇದು ಗಾಜು ಕಣಮ್ಮಾ."

ಆ ಸರ ಮಾರಿದ್ದವನು ಅಂಗಡಿ ಯಜಮಾನರ ಅಳಿಯ. "ಬಾಯ್ಮುಚ್ಚೇ!" ಎನ್ನುತ್ತಾ ನುಗ್ಗಿ ಬಂದವನೇ ಅವಳ ಕೂದಲು ಹಿಡಿದು ಮುಖವನ್ನು ಮೇಜಿಗೆ ಜಜ್ಜಿದ. ಎರಡು ಹಲ್ಲು ಮುರಿದವು.

"ಅಸಲಿ ಅನ್ನು!"

ಅಕ್ಕ ರಕ್ತ ಉಗುಳಿ, "ಗಾಜೇ," ಎಂದಳು. ಅವನು ಮತ್ತೆ ಜಜ್ಜಿದ. ಮೂರನೇ ಸಲ ಜಜ್ಜಲು ಅವನು ತಲೆ ಎತ್ತಿದಾಗ ಅವಳ ಕೈಗೆ ಮೇಜಿನ ಮೇಲಿದ್ದ ಕತ್ತರಿ ಸಿಕ್ಕಿತು. ಅವನ ಮುಂಗೈಗೆ ಚುಚ್ಚಿಬಿಟ್ಟಳು.

ಕಿರುಚಾಟಕ್ಕೆ ಓಡಿಬಂದ ಯಜಮಾನರು ಸರ ನೋಡಿದವರೇ ಅಳಿಯನ ಮೇಲೆ ದೂರು ಕೊಡಲು ಪೊಲೀಸರಿಗೆ ಫೋನ್ ಮಾಡಿದರು.

"ನಿಮ್ಮ ಮಗಳ ಗಂಡ ಅಲ್ವಾ?" ಎಂದಳು ಅಕ್ಕ.

"ಹೂಂ, ಅದಕ್ಕೇ ನಾನೇ ಮಾಡ್ದೆ," ಎಂದು ಅವರು ರಕ್ತ ನಿಲ್ಲಲೆಂದು ಅವಳ ಬಾಯಿಗೆ ಬಟ್ಟೆ ಒತ್ತಿ ಹಿಡಿದರು.