ಹೊಸ ಚಿಪ್‌ನಲ್ಲಿ ನಮ್ಮ ಮೇಷ್ಟ್ರು

ನನಗೆ ಮೂಗಿನ ತುದಿಯಲ್ಲೇ ಕೋಪ. ಅವತ್ತು ಅಕ್ಕ ಹೇಳದೆ ಕೇಳದೆ ನಮ್ಮ ಲ್ಯಾಬಿಗೆ ನುಗ್ಗಿ, ರಾಗಿ ಚೀಲದೊಳಗಿಂದ ಒಂದು ತಗಡಿನ ಪೆಟ್ಟಿಗೆ ತೆಗೆದು, ಆಗಷ್ಟೇ ಒರೆಸಿದ ಮೇಜಿನ ಮೇಲೆ ಧೂಳಿನ ಸಮೇತ ಇಟ್ಟಳು. "ಇದೇನು ಸಂತೆ ಅಂದ್ಕೊಂಡ್ಯಾ?" ಅಂತ ರೇಗಿಬಿಟ್ಟೆ. ಅವಳು ತಿರುಗಿ ಬೈಯಲಿಲ್ಲ. ಬೈಯದೆ ಇದ್ದದ್ದಕ್ಕೇ ನನಗೆ ಭಯವಾಯಿತು.

"ಮೇಷ್ಟ್ರ ಪೆಟ್ಟಿಗೆ ಸತ್ತೋಯ್ತು ಕಣೇ," ಅಂದಳು.

ಎಂಬತ್ತರ ದಶಕದ ನಡುವಿನ ಮಾತು ಇದು. ನಾನು ಕೋಲಾರದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಿದ್ದೆ. ಅಕ್ಕನನ್ನು ಹೋಳೂರಿನ ಹತ್ತಿರ ರೇಷ್ಮೆ ಸಾಕುವ ಮನೆಗೆ ಕೊಟ್ಟಿದ್ದರು. ಆ ಪೆಟ್ಟಿಗೆ ಮಾಡಿಕೊಟ್ಟಿದ್ದು ನನಗೆ ಪಾಠ ಹೇಳಿದ ಮೇಷ್ಟ್ರು, ಮುಳಬಾಗಿಲ ಕಡೆಯವರು. ಅವರು ತೀರಿಕೊಂಡು ಆಗಲೇ ವರ್ಷವಾಗಿತ್ತು.

ರೇಷ್ಮೆ ಮೊಟ್ಟೆ ಸಾಸಿವೆಗಿಂತ ಸಣ್ಣದು, ಹಾಳೆ ತುಂಬ ಅಂಟಿಕೊಂಡಿರುತ್ತದೆ. ಅದಕ್ಕೆ ಒಂದೇ ಹದದ ಕಾವು ಬೇಕು, ತೇವ ಬೇಕು. ಒಡೆಯುವುದಕ್ಕೆ ಎರಡು ದಿನ ಮುಂಚೆ ಒಳಗಿನ ಹುಳುವಿನ ತಲೆ ಸೂಜಿ ಮೊನೆಯಷ್ಟು ಕಪ್ಪಗೆ ಕಾಣುತ್ತದೆ. ಆಗ ಹಾಳೆಗಳಿಗೆ ಕಪ್ಪು ಬಟ್ಟೆ ಹೊದಿಸಿ ಕತ್ತಲಲ್ಲಿ ಇಡಬೇಕು. ಮುಂದಿದ್ದ ಮೊಟ್ಟೆ ಕತ್ತಲಲ್ಲಿ ಕಾಯುತ್ತದೆ, ಹಿಂದೆ ಬಿದ್ದದ್ದು ಬಂದು ಜೊತೆಗೆ ಸೇರಿಕೊಳ್ಳುತ್ತದೆ. ಎರಡು ದಿನ ಕಳೆದು ಬಟ್ಟೆ ತೆಗೆದರೆ ಬೆಳಕು ಬಿದ್ದದ್ದೇ ಎಲ್ಲ ಒಟ್ಟಿಗೆ ಒಡೆಯುತ್ತವೆ. ಮುಂಚೆಯೇ ತೆಗೆದಿರೋ, ಇವತ್ತಷ್ಟು ನಾಳೆಯಷ್ಟು ಹುಟ್ಟಿ, ದೊಡ್ಡ ಹುಳು ಸಣ್ಣ ಹುಳು ಬೆರೆತು ಇಡೀ ಬೆಳೆ ಕೆಡುತ್ತದೆ.

ಕಾವು, ತೇವ ನೋಡಿಕೊಳ್ಳುವುದು, ಬಟ್ಟೆ ಹೊದಿಸಿ ಗುಂಡಿ ಒತ್ತಿದ ಹೊತ್ತಿನಿಂದ ಗಂಟೆ ಎಣಿಸುವುದು, ಕಾವು ಹೆಚ್ಚಾಗಿದ್ದರೆ ಎಣಿಕೆಯನ್ನು ಸ್ವಲ್ಪ ಬೇಗ ಮುಗಿಸುವುದು, ಆಮೇಲೆ ಬಜರ್ ಬಾರಿಸಿ ದೀಪ ಹಚ್ಚಿ "ಈಗ ತೆಗೀರಿ" ಅನ್ನುವುದು, ಇದಿಷ್ಟೂ ಆ ಪೆಟ್ಟಿಗೆಯ ಕೆಲಸ.

ಅಕ್ಕನ ಅತ್ತೆ ಶ್ರೀನಿವಾಸಪುರದ ಕಡೆಯವರು. ಬೈಗುಳವೆಲ್ಲ ತೆಲುಗಿನಲ್ಲಿ, ಪ್ರೀತಿ ಮಾತ್ರ ಕನ್ನಡದಲ್ಲಿ. ಮದುವೆಯಾಗಿ ಬಂದಾಗಿನಿಂದ ಮರಿ ಹುಳು ಸಾಕುವ ಚಾಕಿ ಮನೆ ಅವರ ಕೈಲಿತ್ತು. ಅಕ್ಕ ಹಠ ಹಿಡಿದು ಪೆಟ್ಟಿಗೆ ಇಡಿಸಿದ್ದಳು. ಮೂರು ಬೆಳೆ ಚೆನ್ನಾಗಿಯೇ ಬಂದಿತ್ತು. ಆ ಧೈರ್ಯಕ್ಕೆ ಈ ಸಲ ಅಕ್ಕಪಕ್ಕದ ಆರು ಮನೆಯವರ ಮೊಟ್ಟೆಯನ್ನೂ ಇಸ್ಕೊಂಡು ಇಟ್ಟಿದ್ದಳು. ಕರೆಂಟು ಒಂದೇ ಸಲ ಜಾಸ್ತಿ ಬಂದು ಪೆಟ್ಟಿಗೆ ಸುಟ್ಟುಹೋಯಿತು.

"ಈ ಸಲ ಕೆಟ್ರೆ ಚಾಕಿ ಮನೆ ಹೊಸಿಲು ತುಳೀಬೇಡ ಅಂದವ್ರೆ ಅತ್ತೆ," ಅಂದಳು ಅಕ್ಕ. "ಹೇಳಿದ ಮೇಲೆ ಹೇಳಿದ್ದೇ ಅವರು. ಆಮೇಲೆ ಜೀವಮಾನವೆಲ್ಲ ನಾನು ಹುಳುವಿಗೆ ಸೊಪ್ಪು ಹೊರೋದಷ್ಟೇ."

ಅವತ್ತು ಶನಿವಾರ. ಮಂಗಳವಾರ ಬೆಳಗ್ಗೆ ಬಟ್ಟೆ ಹೊದಿಸಬೇಕು. ಅಲ್ಲಿಯ ತನಕ ಕಾವಿಗೆ ಅತ್ತೆಯ ಇದ್ದಿಲ ಒಲೆ, ತೇವಕ್ಕೆ ಒದ್ದೆ ಗೋಣಿತಾಟು.

ಬಿಚ್ಚಿ ನೋಡಿದೆ. ಲೆಕ್ಕ ಮಾಡುವ ಚಿಪ್ಪು, ಅಂದರೆ ಪ್ರೊಸೆಸರು, 8080 ಅನ್ನುವ ಹಳೇ ಕಾಲದ್ದು. ಅದು ಸೀದು ಹೋಗಿತ್ತು. ಪಕ್ಕದ ಇನ್ನೊಂದು ಚಿಪ್ಪಿನಲ್ಲಿ ಮೇಷ್ಟ್ರು ಬರೆದ ಪ್ರೋಗ್ರಾಂ ಇತ್ತು. ಅದರ ಬೆನ್ನಿಗೆ ಒಂದು ಪುಟ್ಟ ಗಾಜಿನ ಕಿಟಕಿ. ಅದರ ಮೇಲೆ ಬಹಳ ದಿನ ಬಿಸಿಲು ಬಿದ್ದರೆ ಒಳಗೆ ಬರೆದದ್ದೆಲ್ಲ ಅಳಿಸಿ ಹೋಗುತ್ತದೆ. ಹಾಗಾಗಬಾರದು ಅಂತ ಮೇಷ್ಟ್ರು ಕರಿ ಟೇಪು ಅಂಟಿಸಿದ್ದರು. ಅದು ನೆಟ್ಟಗಿತ್ತು. ಆದರೆ ಓದುವವರೇ ಇಲ್ಲದ ಮೇಲೆ ಬರಹ ಇದ್ದು ಏನು ಬಂತು?

ಭಾನುವಾರ ಬೆಂಗಳೂರಿಗೆ ಹೋಗಿ, ಬಾಗಿಲು ತೆರೆದಿದ್ದ ಅಂಗಡಿಗಳನ್ನೆಲ್ಲ ಅಲೆದೆ. "ಅದೆಲ್ಲ ಬರೋದು ನಿಂತು ಕಾಲ ಆಯ್ತಮ್ಮ, ಮ್ಯೂಸಿಯಮ್ಮಿಗೆ ಹೋಗಿ," ಅಂದ ಒಬ್ಬ. ಅವನ ಮೇಲೂ ರೇಗಿದೆ. ವಾಪಸ್ಸು ಬರುತ್ತಾ ಮಾಲೂರು ದಾಟುವ ಹೊತ್ತಿಗೆ ನನಗೆ ಅಳುವೇ ಬಂದಿತ್ತು. ಪ್ರೋಗ್ರಾಂ ಹೊಸದಾಗಿ ಬರೆಯೋಣ ಅಂದರೆ ಮೇಷ್ಟ್ರ ಕಾಗದಗಳನ್ನೆಲ್ಲ ಗೆದ್ದಲು ತಿಂದಿತ್ತು. ಕಾವಿಗೂ ಹೊತ್ತಿಗೂ ಅವರು ಹಾಕಿದ್ದ ಲೆಕ್ಕ ಅವರ ತಲೆಯಲ್ಲಿ, ಆಮೇಲೆ ಆ ಕರಿ ಟೇಪಿನ ಕೆಳಗೆ. ಇನ್ನೆಲ್ಲೂ ಇರಲಿಲ್ಲ.

ನಮ್ಮ ಲ್ಯಾಬಿನಲ್ಲಿ ಹುಡುಗರು ಕಲಿಯೋದಕ್ಕೆ ಒಂದು ಹೊಸ ಕಿಟ್ ಇತ್ತು. ಅದರ ಪ್ರೊಸೆಸರು Z80. ಬೇರೆ ಜಾತಿ, ಬೇರೆ ಕಾಲು, ಬೇರೆ ತಂತಿ. ಆದರೆ ಮೇಷ್ಟ್ರು ಪಾಠದಲ್ಲಿ ಯಾವಾಗಲೋ ಅಂದ ಮಾತು ಬಸ್ಸಿನಲ್ಲಿ ನೆನಪಾಯಿತು: "ಹಳೇದಕ್ಕೆ ಕೊಟ್ಟ ಅಪ್ಪಣೇನೆಲ್ಲ ಇದು ಪಾಲಿಸುತ್ತೆ ಕಣ್ರೋ, ಜೊತೆಗೆ ತನ್ನದೂ ಸೇರಿಸ್ಕೊಂಡಿದೆ." ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಬರೆದು ನಂಬರೂ ತಗೊಂಡಿದ್ದೆ. ನಂಬಿರಲಿಲ್ಲ.

ಸೋಮವಾರ ಪ್ರಿನ್ಸಿಪಾಲರ ಕಾಲು ಹಿಡಿಯೋದೊಂದು ಬಾಕಿ, ಹಾಗೆ ಕೇಳಿ ಕಿಟ್ ಇಸ್ಕೊಂಡೆ. ಕಿಟ್ಟಿನ ಸ್ವಂತ ಪ್ರೋಗ್ರಾಂ ಚಿಪ್ ಕಿತ್ತು ಆ ಜಾಗಕ್ಕೆ ಮೇಷ್ಟ್ರದನ್ನು ಕೂರಿಸಿದೆ. ಹೀಟರಿನ ತಂತಿ, ದೀಪದ ತಂತಿ, ಬಜರಿನ ತಂತಿ, ಒಂದೊಂದೇ ಬೆಸುಗೆ ಹಾಕಿದೆ. ಊಟ ಮಾಡಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಸ್ವಿಚ್ ಒತ್ತಿದೆ.

ಟಕ್ ಟಕ್. ಟಕ್.

ಅಯ್ಯೋ ದೇವರೇ! ಮೇಷ್ಟ್ರು ಪಾಠ ಶುರು ಮಾಡುವ ಮುಂಚೆ ಸೀಮೆಸುಣ್ಣದಿಂದ ಮೇಜಿನ ಮೇಲೆ ಎರಡು ಸಲ ಕುಟ್ಟಿ, ಸ್ವಲ್ಪ ತಡೆದು, ಮೂರನೇದು ಕುಟ್ಟುತ್ತಿದ್ದರು. ಅದನ್ನೇ ಪೆಟ್ಟಿಗೆಯ ಬಜರಿಗೂ ಕಲಿಸಿದ್ದರು. ಅದೇ ಕುಟ್ಟು, ಅವರನ್ನು ಕಂಡೇ ಇರದ ಚಿಪ್ಪಿನಿಂದ! ಸ್ವಿಚ್ ಆರಿಸಿ ಮತ್ತೆ ಒತ್ತಿ ಇನ್ನೊಂದು ಸಲ ಕೇಳಿದೆ. ಎಲ್ಲೋ ಸಮುದ್ರದಾಚೆ ಹೊಸ ಚಿಪ್ ಮಾಡಲು ಕೂತವರು, ಹಳೆಯದನ್ನು ನಂಬಿ ಯಾರ್‍ಯಾರೋ ಏನೇನೋ ಬರೆದಿರುತ್ತಾರೆ, ಅದು ಹಾಳಾಗಬಾರದು ಅಂತ ಒಂದೊಂದೇ ಅಪ್ಪಣೆ ಉಳಿಸಿಕೊಂಡಿದ್ದರು. ಮುಳಬಾಗಿಲ ಒಬ್ಬ ಮೇಷ್ಟ್ರು ಇದ್ದಾರೆ ಅಂತ ಅವರಿಗೇನು ಗೊತ್ತು! ಗೊತ್ತಿಲ್ಲದವರ ಮೇಲೆ ಇಷ್ಟು ಕಾಳಜಿ ಇರಬಹುದು ಅಂತ ನಾನು ಅವತ್ತಿನ ತನಕ ಎಣಿಸಿರಲಿಲ್ಲ.

ಕುಟ್ಟು ಮಾತ್ರ ಅವಸರದ್ದಿತ್ತು. ನಾನು ಅವರನ್ನು ಕಂಡಿದ್ದೇ ಅವರಿಗೆ ವಯಸ್ಸಾದ ಮೇಲೆ. ಹರೆಯದಲ್ಲಿ ಹೀಗೆ ಕುಟ್ಟುತ್ತಿದ್ದರೇನೋ ಅಂತ ನಗು ಬಂತು. ನಕ್ಕು ಸುಮ್ಮನಾದೆ. ಅದೇ ನಾನು ಮಾಡಿದ ತಪ್ಪು.

ಮಂಗಳವಾರ ಮೊದಲ ಬಸ್ಸಿಗೇ ಹೋಳೂರಿಗೆ ಹೋದೆ. ಏಳು ಗಂಟೆಗೆ ಅಕ್ಕ ಬಟ್ಟೆ ಹೊದಿಸಿದಳು, ನಾನು ಗುಂಡಿ ಒತ್ತಿದೆ. ಅತ್ತೆ ಬಾಗಿಲಲ್ಲಿ ನಿಂತು, "ಏಮಮ್ಮಾ ಮಿಷನ್ನಮ್ಮ, ನಿದ್ದೆ ಮಾಡಿಲ್ವಾ? ಮುಖ ನೋಡು ಹೆಂಗದೆ," ಅಂತ ಕಾಫಿ ಕೊಟ್ಟರು. ಪೆಟ್ಟಿಗೆ ಕಡೆ ತಿರುಗಿಯೂ ನೋಡಲಿಲ್ಲ.

ಕೋಲಾರಕ್ಕೆ ಮರಳಿ, ಬುಧವಾರ ಹತ್ತು ಗಂಟೆಗೆ ಕ್ಲಾಸಿಗೆ ಹೋದೆ. ಹುಡುಗರು ಗಲಾಟೆ ಮಾಡುತ್ತಿದ್ದರು. ನನಗೇ ತಿಳಿಯದ ಹಾಗೆ ಸೀಮೆಸುಣ್ಣ ತಗೊಂಡು ಮೇಜಿನ ಮೇಲೆ ಮೇಷ್ಟ್ರ ಹಾಗೆ ಕುಟ್ಟಿದೆ. ಟಕ್. ಟಕ್. ತಡೆ. ಟಕ್. ಕೈ ಹಾಗೇ ನಿಂತು ಹೋಯಿತು. ಪೆಟ್ಟಿಗೆ ಕುಟ್ಟಿದ್ದು ಇದರ ಅರ್ಧ ಹೊತ್ತಿನಲ್ಲಿ.

ಪೆಟ್ಟಿಗೆಯಲ್ಲಿ ಬೇರೆ ಗಡಿಯಾರ ಇರಲಿಲ್ಲ. ಇಂತಿಷ್ಟು ಹೆಜ್ಜೆ ಹಾಕಿದರೆ ಒಂದು ಗಂಟೆ ಅಂತ ಹಳೇ ಚಿಪ್ಪಿನ ನಡಿಗೆ ನೋಡಿ ಮೇಷ್ಟ್ರು ಲೆಕ್ಕ ಕಟ್ಟಿದ್ದರು. ಹೊಸ ಚಿಪ್ ಹೆಚ್ಚುಕಡಿಮೆ ಎರಡರಷ್ಟು ಜೋರಾಗಿ ನಡೆಯುತ್ತದೆ. ಕುಟ್ಟು ಅರ್ಧ ಹೊತ್ತಿಗೆ ಮುಗಿದರೆ ಎರಡು ದಿನವೂ ಒಂದೇ ದಿನಕ್ಕೆ ಮುಗಿಯುತ್ತದೆ. ಅಂದರೆ ದೀಪ ಆಗಲೇ ಹತ್ತಿದೆ!

ಹಾಜರಿ ಪುಸ್ತಕ ಅಲ್ಲೇ ಬಿಟ್ಟು ಬಸ್ ಸ್ಟ್ಯಾಂಡಿಗೆ ಓಡಿದೆ. ಆ ಬಸ್ಸಿನವನಿಗೆ ಅವತ್ತು ಸಿಕ್ಕ ಬೈಗುಳ ಅವನಿಗೆ ಸಲ್ಲಬೇಕಾದ್ದಲ್ಲ, ನನಗೆ ಸಲ್ಲಬೇಕಾದ್ದು.

ಚಾಕಿ ಮನೆಯ ಬಾಗಿಲಲ್ಲಿ ಅಕ್ಕ ಕಣ್ಣು ಊದಿಸಿಕೊಂಡು ಕೂತಿದ್ದಳು. ಒಳಗೆ ದೀಪ ಉರಿಯುತ್ತಿತ್ತು. ಮೊಟ್ಟೆಯ ತಟ್ಟೆಗಳ ಮೇಲೆ ಕಪ್ಪು ಬಟ್ಟೆ ಹಾಗೇ ಇತ್ತು. ಬಟ್ಟೆಯ ಮೇಲೆ ಅತ್ತೆಯ ಕರಿ ಕಂಬಳಿ. ಪಕ್ಕದಲ್ಲಿ ಅತ್ತೆ ಮಣೆ ಹಾಕಿಕೊಂಡು ಕೂತಿದ್ದರು.

"ಬೆಳಕು ಹರಿಯೋ ಹೊತ್ಗೇ ಬಡ್ಕೊಳ್ತು ನಿಮ್ಮ ಪೆಟ್ಟಿಗೆ," ಅಂದರು. "ಕಾವು ಜಾಸ್ತಿ ಆಗಿರ್ಬೇಕು, ಅದಕ್ಕೇ ಬೇಗ ಅಂತದೆ ಅಂತ ಇವಳು ತೆಗೆಯೋಕೆ ಬಂದ್ಲು. ನಾನು ಕೈ ಹಿಡ್ಕೊಂಡೆ. ಅದಕ್ಕೆ ಅವಸರ ಇರ್ಬೋದು. ಮೊಟ್ಟೆಗೆ ಇಲ್ಲ."

ನಾನು ಅವರ ಕಾಲ ಹತ್ತಿರವೇ ಕೂತೆ. "ಅಮ್ಮಾ, ತಪ್ಪು ನಂದು. ಅಕ್ಕಂದಲ್ಲ. ಮೇಷ್ಟ್ರದೂ ಅಲ್ಲ. ಅವರು ಹೇಳಿದ್ದನ್ನ ಅದು ಒಂದಕ್ಷರ ತಪ್ಪದೆ ಮಾಡಿದೆ, ಎರಡರಷ್ಟು ಬೇಗ ಮಾಡಿದೆ, ಅಷ್ಟೇ. ನಂಗೆ ಗೊತ್ತಾಗ್ಬೇಕಿತ್ತು," ಅಂದೆ. ಆ ಕುಟ್ಟು ಯಾರದು, ತೀರಿಕೊಂಡವರ ಬರಹ ಹೊಸ ಚಿಪ್ಪಿಗೆ ಹೇಗೆ ಅರ್ಥವಾಯಿತು, ಎಲ್ಲ ಹೇಳಿದೆ. ಅತ್ತೆ ಬಾಯಿ ಬಿಟ್ಟುಕೊಂಡು ಕೇಳಿದರು.

"ಅಂದ್ರೆ ಸತ್ತೋರ ಮಾತು ಅದಕ್ಕೆ ತಿಳೀತದಾ?"

"ತಿಳೀತದಮ್ಮ."

ಅವರು ಮೊದಲ ಸಲ ಪೆಟ್ಟಿಗೆ ಕಡೆ ತಿರುಗಿ ಸರಿಯಾಗಿ ನೋಡಿದರು.

ಗುರುವಾರ ಬೆಳಗ್ಗೆ ಅತ್ತೆ ಹೇಳಿದ ಹೊತ್ತಿಗೇ ಬಟ್ಟೆ ತೆಗೆದದ್ದು. ತೆಗೆದದ್ದು ಅವರೇ. ನೋಡ್‌ನೋಡ್ತಾ ಹಾಳೆ ಹಾಳೆಯೇ ಕಪ್ಪು ಕೂದಲು ಹರಡಿದ ಹಾಗೆ ಸರಿದಾಡತೊಡಗಿತು. ಅಕ್ಕನ ಮನೆಯದೂ ಸೇರಿ ಏಳೂ ಮನೆಯ ಮೊಟ್ಟೆ ಒಂದೇ ಬೆಳಗ್ಗೆ. ನನ್ನ ಜೀವಮಾನದಲ್ಲಿ ಅಂಥದ್ದು ಕಂಡಿರಲಿಲ್ಲ. ಹೊತ್ತಿಗೆ ಮುಂಚೆ ಬಟ್ಟೆಗೆ ಕೈ ಹಾಕಿದ್ದಕ್ಕೆ ಅತ್ತೆ ಒಳಕ್ಕೆ ಕರೆಯಲಿಲ್ಲ, ಅಕ್ಕ ಹೊಸಿಲಾಚೆಯೇ ನಿಂತು ನೋಡಿದಳು.

ಮುಂದಿನ ಬೆಳೆಗೆ, ಎರಡು ಹೆಜ್ಜೆಗೆ ಒಂದನ್ನು ಮಾತ್ರ ಬಿಡುವ ಒಂದು ಸಣ್ಣ ಚಿಪ್ ಸೇರಿಸಿ ನಡಿಗೆ ನಿಧಾನ ಮಾಡಿ ಕೊಟ್ಟೆ. ಟಕ್. ಟಕ್. ತಡೆ. ಟಕ್. ಈಗ ನನಗೆ ಗೊತ್ತಿದ್ದ ಮೇಷ್ಟ್ರೇ. ಆದರೂ ಪೂರ್ತಿ ಹೊಂದಲಿಲ್ಲ. ಕೆಲವು ಹೆಜ್ಜೆ ಹೊಸ ಚಿಪ್ಪಿನಲ್ಲಿ ಹುಟ್ಟಾ ಚಿಕ್ಕದು. ಎರಡು ದಿನಕ್ಕೆ ಮೂರು ಗಂಟೆ ಮುಂದಾಗುತ್ತಿತ್ತು. ಎಷ್ಟು ತಿಣುಕಿದರೂ ಅದು ಹೋಗಲಿಲ್ಲ. ಸೋತು ಅತ್ತೆಗೆ ಹೇಳಿದೆ.

ಅವರು ಎಲೆ ಅಡಿಕೆ ಜಗಿಯುತ್ತಾ ಮಣೆ ತಂದು ಪೆಟ್ಟಿಗೆ ಪಕ್ಕ ಹಾಕಿದರು.

"ಇರಲಿ ಬಿಡು. ಮೇಷ್ಟ್ರು ಬಂದು ಕುಟ್ಟಿದ ಮೇಲೆ ಆ ಮೂರು ಗಂಟೆ ನಾನು ಕಾಯ್ತೀನಿ," ಅಂದರು. ಹೊಸಿಲಾಚೆ ನಿಂತಿದ್ದ ಅಕ್ಕನ ಕಡೆ ತಿರುಗಿ, "ಅಲ್ಲೇನೇ ನಿಂತಿದ್ದೀಯ? ಒಳಕ್ಕೆ ಬಾ. ಬಟ್ಟೆ ನೀನು ತೆಗೀಬೇಕು."