ಅವರವರ ಪುಟ ಅವರವರಿಗೆ

ಚಿತ್ತವಾಡ್ಗಿಯ ಹೇಮಾವತಿ ಕಂಪ್ಯೂಟರ್ ಕಲಿತದ್ದು ಲಗ್ನಪತ್ರಿಕೆ ಟೈಪ್ ಮಾಡುತ್ತ. ಪಿಯುಸಿ ಮುಗಿಸಿ ಡಿಟಿಪಿ ಅಂಗಡಿ ಸೇರಿದವಳು ಹದಿನೈದು ವರ್ಷ ಅಲ್ಲೇ ಇದ್ದಳು. ಜನ ಪತ್ರಿಕೆಯನ್ನು ವಾಟ್ಸಾಪಿನಲ್ಲೇ ಕಳಿಸತೊಡಗಿ ಅಂಗಡಿ ಮುಚ್ಚಿದಾಗ, ಯೂಟ್ಯೂಬ್ ನೋಡಿ ವೆಬ್‌ಸೈಟ್ ಮಾಡುವುದನ್ನು ಕಲಿತಳು. ಇಂಗ್ಲಿಷ್ ಅರ್ಥವಾಗದಿದ್ದರೆ ವಿಡಿಯೊ ನಿಲ್ಲಿಸಿ ಒಂದೊಂದೇ ಪದವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಮೊದಲು ಕಂಪ್ಲಿಯ ಒಂದು ರೈಸ್ ಮಿಲ್ಲಿಗೆ, ಆಮೇಲೆ ಹಂಪಿಯ ಎರಡು ಹೋಂಸ್ಟೇಗಳಿಗೆ ಸೈಟ್ ಮಾಡಿಕೊಟ್ಟಳು. ನಲವತ್ತೊಂದನೆಯ ವಯಸ್ಸಿಗೆ ದೊಡ್ಡ ಕೆಲಸ ಬಂತು: ಹೊಸಪೇಟೆಯಲ್ಲಿ ಮನೋಹರ್ ಎಂಬವರು ನಡೆಸುವ ರಕ್ತಪರೀಕ್ಷೆಯ ಲ್ಯಾಬಿನ ಸೈಟು. ರಕ್ತ ಕೊಟ್ಟು ಹೋದವರು ಮೊಬೈಲಿನಲ್ಲಿ ಲಾಗಿನ್ ಆಗಿ ತಮ್ಮ ರಿಪೋರ್ಟ್ ನೋಡಬಹುದಿತ್ತು.

ಆದರೆ ಬೆಳಿಗ್ಗೆ ಹತ್ತಕ್ಕೆ ರಿಪೋರ್ಟ್ ಬಂದ ಕೂಡಲೇ ಎಲ್ಲರೂ ಒಟ್ಟಿಗೆ ನುಗ್ಗುತ್ತಿದ್ದರು, ಸೈಟು ನಿಂತೇಹೋಗುತ್ತಿತ್ತು. ಕ್ಯಾಶಿಂಗ್ ಹಾಕುತ್ತೇನೆ ಎಂದಳು ಹೇಮಾವತಿ.

“ಕ್ಯಾಶ್ ಅಂದ್ರ? ಮತ್ತ ರೊಕ್ಕ ಕೊಡಬೇಕೇನ್ರಿ?” ಎಂದರು ಮನೋಹರ್.

“ಆ ಕ್ಯಾಶ್ ಅಲ್ರಿ ಸರ. ಒಬ್ರು ಕೇಳಿದ ಪುಟಾನ ತೆಗೆದಿಟ್ಟು, ಮುಂದಿನವ್ರಿಗೂ ಅದನ್ನ ಕೊಡೋದು. ಪ್ರತಿಸಲ ಹೊಸದಾಗಿ ಮಾಡೋ ಕೆಲಸ ಉಳೀತೈತಿ.”

ಮರುದಿನ ಹತ್ತಕ್ಕೆ ಸೈಟು ಬೆರಳಿಟ್ಟ ಕೂಡಲೇ ತೆರೆಯಿತು. “ಮಸ್ತ್ ಆತ್ ನೋಡ್ರಿ!” ಎಂದು ಮನೋಹರ್ ಖುಷಿಪಟ್ಟರು. ಎರಡು ನಿಮಿಷ ಕಳೆದಿರಲಿಲ್ಲ, ರಕ್ತ ಕೊಟ್ಟು ಹೋಗಿದ್ದ ಕಂಪ್ಲಿಯ ಜಂಬಕ್ಕ ಎಂಬಾಕೆಯ ಫೋನ್ ಲ್ಯಾಬಿಗೆ ಬಂತು. ಹೇಮಾವತಿಯೇ ಎತ್ತಿದಳು.

“ಯವ್ವಾ, ನನ್ನ ಫೋನ್‌ನ್ಯಾಗ ‘ನಮಸ್ಕಾರ ಉಚ್ಚೆಂಗಮ್ಮ’ ಅಂತ ಬಂದೈತಿ. ಸಕ್ರಿ ಮುನ್ನೂರಾ ಹತ್ತು ಅಂತ. ಇದು ನಂದೋ ಆಕೀದೋ?”

ಹೇಮಾವತಿಗೆ ಕ್ಷಣದಲ್ಲಿ ಎಲ್ಲವೂ ತಿಳಿಯಿತು. ಆ ಬೆಳಿಗ್ಗೆ ಮೊದಲು ಲಾಗಿನ್ ಆದವಳು ಉಚ್ಚೆಂಗಮ್ಮ. ಅವಳಿಗಾಗಿ ಆದ ಪುಟವೇ ತೆಗೆದಿಟ್ಟ ಪುಟವಾಗಿ, ಹಿಂದೆ ಬಂದವರಿಗೂ ಹೋಗಿತ್ತು. ಹೋಂಸ್ಟೇ ಸೈಟಿನಲ್ಲಿ ಎಲ್ಲರೂ ನೋಡುವುದು ಒಂದೇ ಪುಟ, ಅಲ್ಲಿ ಈ ಉಪಾಯ ನಡೆಯುತ್ತದೆ. ಇಲ್ಲಿ ಒಬ್ಬೊಬ್ಬರದೂ ಬೇರೆ.

“ಅದು ನಿಮ್ದಲ್ಲಕ್ಕ, ಹೆದರಬ್ಯಾಡ್ರಿ. ತಪ್ಪು ನಂದು” ಎಂದವಳೇ ಸೈಟನ್ನು ಪೂರ್ತಿ ಮುಚ್ಚಿದಳು.

“ಯಾರಿಗೂ ಹೇಳೋದು ಬ್ಯಾಡ್ರಿ, ಮಂದಿ ಗಾಬರಿ ಆಗ್ತಾರ” ಎಂದರು ಮನೋಹರ್.

“ಉಚ್ಚೆಂಗಮ್ಮನ ಕಾಯಿಲೆ ಬ್ಯಾರೆಯವ್ರು ನೋಡ್ಯಾರ ಸರ. ಆಕಿಗೆ ಗೊತ್ತಾಗಬೇಕು. ನಾನ ಹೋಗಿ ಹೇಳ್ತೀನಿ.”

ಆ ಪುಟ ಯಾರ್‍ಯಾರಿಗೆ ಹೋಗಿದೆ ಎಂದು ಸರ್ವರಿನ ದಾಖಲೆಯಲ್ಲಿ ಹುಡುಕಿದಳು. ಜಂಬಕ್ಕನೂ ಸೇರಿ ಒಂಬತ್ತು ಜನ. ಉಳಿದ ಎಂಟು ಜನರಿಗೂ ಫೋನ್ ಮಾಡಿ ನಡೆದದ್ದು ಹೇಳಿದಳು. ಮಧ್ಯಾಹ್ನ ಸಂಡೂರಿನ ಬಸ್ ಹತ್ತಿದಳು.

ಉಚ್ಚೆಂಗಮ್ಮ ಅಲ್ಲಿ ಅಂಗನವಾಡಿ ಕಾರ್ಯಕರ್ತೆ. ಮಾತು ಪೂರ್ತಿ ಕೇಳಿ, “ಸಕ್ರಿ ಐತಿ ಅಂತ ನನ್ನ ಗಂಡಗ ನಾ ಹೇಳಿದ್ದಿಲ್ಲ. ನೀ ಒಂಬತ್ ಮಂದಿಗೆ ಹೇಳಿದಿ!” ಎಂದು ಬೈದಳು. ಬೈದು ಮುಗಿದ ಮೇಲೆ ಉಚ್ಚೆಂಗಮ್ಮನೇ ಕುರ್ಚಿ ಎಳೆದು ಹಾಕಿದಳು. “ಸುಮ್ಮ ಇದ್ದಿದ್ರ ನನಗ ಗೊತ್ತಾಗ್ತಿದ್ದಿಲ್ಲ. ಬಂದು ಹೇಳಿದಿಯಲ್ಲ. ಕುಂದ್ರು, ಚಾ ಕುಡಿ.”

ಐದು ದಿನ ಲ್ಯಾಬಿನವರು ರಿಪೋರ್ಟುಗಳನ್ನು ಕಾಗದದಲ್ಲೇ ಕೊಟ್ಟರು. ಹೇಮಾವತಿ ಪುಟವನ್ನು ಎರಡು ಭಾಗ ಮಾಡಿದಳು. ಲ್ಯಾಬಿನ ವೇಳೆ, ವಿಳಾಸ, ಪರೀಕ್ಷೆಗಳ ವಿವರ, ಚಿತ್ರಗಳು ಎಲ್ಲರಿಗೂ ಒಂದೇ. ಅವು ಮಾತ್ರ ತೆಗೆದಿಟ್ಟದ್ದರಿಂದ ಬರುತ್ತವೆ. ಹೆಸರು ಮತ್ತು ರಿಪೋರ್ಟನ್ನು ಎಲ್ಲಿಯೂ ತೆಗೆದಿಡುವುದಿಲ್ಲ. ಲಾಗಿನ್ ಆದವರು ಯಾರೆಂದು ನೋಡಿಕೊಂಡು, ಆ ಚೂರನ್ನಷ್ಟೇ ಸೈಟು ಆ ಕ್ಷಣಕ್ಕೆ ಹೊಸದಾಗಿ ತರುತ್ತದೆ. ನಂತರ ಓಣಿಯವರಿಂದ ಆರು ಫೋನ್ ಇಸಿದುಕೊಂಡು ಮಂಚದ ಮೇಲೆ ಸಾಲಾಗಿಟ್ಟು, ಆರು ಸುಳ್ಳು ಹೆಸರುಗಳಲ್ಲಿ ಒಟ್ಟಿಗೆ ತೆರೆದಳು. ಎಲ್ಲ ಸರಿಯಿತ್ತು. ಆದರೂ ಸಮಾಧಾನವಾಗದೆ ಒಂದರಲ್ಲಿ ಲಾಗೌಟ್ ಆಗಿ ಹಿಂದಕ್ಕೆ ಹೋಗುವ ಗುಂಡಿ ಒತ್ತಿದಳು. ರಿಪೋರ್ಟ್ ಮತ್ತೆ ಕಂಡಿತು! ಸರ್ವರ್ ಇಟ್ಟುಕೊಳ್ಳದಿದ್ದರೂ ಫೋನಿನ ಬ್ರೌಸರ್ ಇಟ್ಟುಕೊಂಡಿತ್ತು. ಅದನ್ನೂ ತಡೆದಳು.

ಸೋಮವಾರ ಹತ್ತಕ್ಕೆ ಲ್ಯಾಬಿನಲ್ಲೇ ಕುಳಿತಳು. ಅರ್ಧ ಗಂಟೆಯಲ್ಲಿ ಇನ್ನೂರಕ್ಕೂ ಹೆಚ್ಚು ಜನ ಬಂದು ಹೋದರು. ಸೈಟು ಒಮ್ಮೆಯೂ ನಿಲ್ಲಲಿಲ್ಲ, ಒಬ್ಬರ ಹೆಸರೂ ಇನ್ನೊಬ್ಬರಿಗೆ ಹೋಗಲಿಲ್ಲ. ಮನೋಹರ್, “ಅವತ್ತು ನಾ ಮುಚ್ಚಿಡೋಣ ಅಂದಿದ್ದು ತಪ್ಪಾತ್ರಿ” ಎಂದರು. ಸೈಟಿನ ಕೆಳಗೆ ಅವಳ ಹೆಸರು ಹಾಕಲು ಹೇಳಿದರು. ಅಲ್ಲಿಯವರೆಗೆ ಯಾವ ಸೈಟಿನಲ್ಲೂ ಹೇಮಾವತಿ ತನ್ನ ಹೆಸರು ಹಾಕಿರಲಿಲ್ಲ.

ಮುಂದಿನ ತಿಂಗಳು ಕುರೆಕುಪ್ಪದ ಒಂದು ಕ್ಲಿನಿಕ್ಕಿನವರು ಸೈಟ್ ಮಾಡಿಕೊಡಲು ಕರೆದರು. ಹತ್ತಿರದ ಉಕ್ಕಿನ ಕಾರ್ಖಾನೆಯ ಕೆಲಸಗಾರರೇ ಅಲ್ಲಿಗೆ ಹೆಚ್ಚು ಬರುವವರು. “ಹಿಂದೆ ಏನಾರ ತಪ್ಪಾಗೈತೇನ್ರಿ ನಿಮ್ಮ ಕೈಯಾಗ?” ಎಂದು ಅಲ್ಲಿಯ ಡಾಕ್ಟರ್ ಕೇಳಿದರು.

“ಆಗೈತ್ರಿ” ಎಂದಳು ಹೇಮಾವತಿ, ತಲೆ ಎತ್ತಿ. ಒಂಬತ್ತು ಜನರ ಕತೆಯನ್ನೂ ಮಂಚದ ಮೇಲಿನ ಆರು ಫೋನುಗಳ ಕತೆಯನ್ನೂ ಬಿಡಿಸಿ ಹೇಳಿದಳು.

ಡಾಕ್ಟರ್ ಕೇಳಿ ಮುಗಿಸಿ, “ಯಾವಾಗಿಂದ ಶುರು ಮಾಡ್ತೀರಿ?” ಎಂದರು.