ಕೊನೇ ಸಾಲಿನವರೆಗೂ ಓದಿದವಳು

ಹಗಲೆಲ್ಲ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ವಾಚ್ ರಿಪೇರಿ ಮಾಡುವುದು, ಕ್ರೀಡಾಕೂಟ ಬಂತೆಂದರೆ ಅಂಗಡಿಯ ಬಾಗಿಲೆಳೆದು ಮೈದಾನದಲ್ಲಿ ಸ್ಟಾಪ್‌ವಾಚ್ ಹಿಡಿದು ನಿಲ್ಲುವುದು, ಇಪ್ಪತ್ತಾರು ವರ್ಷದಿಂದ ಗಡಿಯಾರದಕ್ಕನ ಬದುಕು ಇಷ್ಟೇ. ಎದುರಿಗೆ ಮಂತ್ರಿಯೇ ಬಂದು ನಿಂತರೂ ಅವಳ ಕಣ್ಣು ಮುಕ್ತಾಯದ ಗೆರೆ ಬಿಟ್ಟು ಕದಲುತ್ತಿರಲಿಲ್ಲ.

ಆ ಸಲ ಎಂಟುನೂರು ಮೀಟರಿನಲ್ಲಿ ಅವಳ ತಂಗಿಯ ಮಗಳೇ ಗೆದ್ದಳು. ಬರೀ ಗೆದ್ದದ್ದಲ್ಲ, ಇಪ್ಪತ್ತೊಂದು ವರ್ಷದಿಂದ ಯಾರಿಗೂ ಅಲುಗದಿದ್ದ ದಾಖಲೆಯನ್ನೇ ಮುರಿದಳು. ಎರಡು ನಿಮಿಷ ಒಂಬತ್ತು ಸೆಕೆಂಡು. ಬೇಲಿಗೊರಗಿ ಏದುಸಿರು ಬಿಡುತ್ತ ಅವಳು ಕೇಳಿದ್ದು ಯಾವಾಗಲೂ ಕೇಳುವುದನ್ನೇ. "ದೊಡ್ಡಮ್ಮ, ನನ್ನ ಹಳೇದಕ್ಕಿಂತ ಎಷ್ಟು ಕಮ್ಮಿ?"

"ಎರಡು ಸೆಕೆಂಡು ಕಮ್ಮಿ ಕಣೇ."

ಹುಡುಗಿ ಅಲ್ಲೇ ನೆಲದ ಮೇಲೆ ಬಿದ್ದುಕೊಂಡು ನಕ್ಕಳು.

ಸಂಜೆ ಪತ್ರಿಕೆಯವನ ಫೋನು ಬಂತು. ಫಲಿತಾಂಶದ ಹಾಳೆ ಕೈಗೆತ್ತಿಕೊಂಡರೆ ಕೊನೇ ಸಾಲಿನವರೆಗೂ ಓದಿಯೇ ಕೆಳಗಿಡಬೇಕು, ಇದು ಟೈಮ್‌ಕೀಪರುಗಳ ಹಠ. ಹುಡುಗಿಯರದ್ದು ಓದಿದಳು, ಅದೇ ಉಸಿರಿನಲ್ಲಿ ಕೆಳಗಿದ್ದ ಹುಡುಗರದ್ದನ್ನೂ ಓದಿದಳು, ಕಟ್ಟಕಡೆಗೆ ಬಂದವನ ಎರಡು ನಿಮಿಷ ಐದು ಸೆಕೆಂಡಿನ ಸಮೇತ. ಹಾಳಾದ ಬಾಯಿ, ಹುಡುಗಿಯರದ್ದಷ್ಟಕ್ಕೆ ಸುಮ್ಮನಿರಬಾರದಿತ್ತೆ?

ಬೆಳಗಾದರೆ ತಲೆಬರಹ: 'ದಾಖಲೆ ರಾಣಿ ಹುಡುಗರ ಜೊತೆ ಓಡಿದ್ದರೆ ಲಾಸ್ಟ್'. ಕೆಳಗೆ ಇಬ್ಬರ ಅಂಕಿ, ಎದುರುಬದುರು. ಥೂ, ಇದೂ ಒಂದು ಸುದ್ದಿಯೇ? ಹಿಂದಿನ ದಿನ ಯಾರೂ ತಿರುಗಿ ನೋಡದ ಆ ಕೊನೆಯವನು ರಾತ್ರಿ ಕಳೆಯುವಷ್ಟರಲ್ಲಿ ಹೀರೋ ಆಗಿದ್ದ.

ಆಮೇಲೆ ಟಿವಿಯವರು ಉರಿಯುವ ಮನೆಯಲ್ಲಿ ಗಳ ಹಿರಿಯಲು ಬಂದರು. "ಅಂಕಿ ಸುಳ್ಳು ಹೇಳಲ್ಲ ಸಾರ್" ಎಂದು ಒಬ್ಬ ಹಲ್ಲು ಕಿರಿದ. ಹೆಣ್ಣುಮಕ್ಕಳ ಪರವಾಗಿ ಇನ್ನೊಬ್ಬಾಕೆ ಮೇಜು ಕುಟ್ಟಿದಳು; ಯಾವ ಹೆಣ್ಣುಮಗಳ ಪರವಾಗಿ ಎಂದು ಹೇಳಲು ಮಾತ್ರ ಚೀಟಿ ನೋಡಬೇಕಾಯಿತು. ನಿರೂಪಕ ಅಡ್ಡಗೋಡೆಯ ಮೇಲೆ ದೀಪವಿಟ್ಟು ಜಾಹೀರಾತಿಗೆ ಹೋದ. ಒಂದು ಗಂಟೆಯ ಕೂಗಾಟದಲ್ಲಿ ಇಪ್ಪತ್ತೊಂದು ವರ್ಷದ ದಾಖಲೆಯ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಗಡಿಯಾರದಕ್ಕ ಟಿವಿ ಆರಿಸಿದಳು.

ಪತ್ರಿಕೆಯವನಿಗೆ ಫೋನು ಹಚ್ಚಿದಳು. "ಏನಪ್ಪಾ, ಮಾನ ಮರ್ಯಾದೆ ಇದೆಯಾ ನಿನಗೆ?"

"ಅಂಕಿ ಕೊಟ್ಟೋರು ನೀವೇ ಅಲ್ವಾ ಅಕ್ಕ? ನಾನು ಒಂದು ಸೆಕೆಂಡಾದ್ರೂ ಸೇರಿಸಿದ್ದೀನಾ?"

ಅವಳು ಫೋನು ಇಟ್ಟಳು. ಅವನ ಮೇಲಿದ್ದ ಹೇಸಿಗೆ ತಿರುಗಿ ತನ್ನ ಮೇಲೇ ಬಂತು.

ಹುಡುಗಿ ಶೂ ತೊಳೆದು ಅಟ್ಟಕ್ಕೆ ಹಾಕಿದಳು. "ಬಿಡು ದೊಡ್ಡಮ್ಮ, ಓಡಿ ಯಾರನ್ನ ಉದ್ಧಾರ ಮಾಡ್ಬೇಕು?" ಎಂದಳು. ದೊಡ್ಡಮ್ಮ ದಿನವೂ ತಂಗಿಯ ಮನೆಗೆ ಹೋದಳು. ಬೈದಳು, ಗೋಗರೆದಳು, ನನ್ನದೇ ತಪ್ಪು ಕಣೇ ಎಂದು ಅತ್ತೂಬಿಟ್ಟಳು. ಹನ್ನೆರಡು ದಿನ ಕಳೆದು ಹದಿಮೂರನೆಯ ಬೆಳಗ್ಗೆ ಹುಡುಗಿ ಅಟ್ಟದಿಂದ ಶೂ ಇಳಿಸಿದಳು.

ಮೈದಾನದಲ್ಲಿ ಇಬ್ಬರೇ. ಹುಡುಗಿ ಹಲ್ಲು ಕಚ್ಚಿಕೊಂಡು ಓಡಿದಳು. ಗೆರೆ ದಾಟಿದಾಗ ವಾಚಿನಲ್ಲಿ ಎರಡು ನಿಮಿಷ ಎಂಟು ಸೆಕೆಂಡು. ತನ್ನ ದಾಖಲೆಯನ್ನೇ ತಾನು ಮುರಿದಿದ್ದಳು. ಗಡಿಯಾರದಕ್ಕ 'ಒಂದು ಸೆಕೆಂಡು ಕಮ್ಮಿ ಕಣೇ' ಎಂಬ ಮಾತನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು, ಹುಡುಗಿ ಕೇಳಲೆಂದು ಕಾದಳು.

ಬೇಲಿಗೊರಗಿ ಉಸಿರು ಸುಧಾರಿಸಿಕೊಂಡು ಹುಡುಗಿ ಕೇಳಿದಳು, "ದೊಡ್ಡಮ್ಮ, ಆ ಕೊನೆಯವನದ್ದು ಎಷ್ಟಿತ್ತು?"